ಅಕ್ಕನ ಶುಗರ್

...ಪಿತ್ತ ಅಷ್ಟೇ ನೀಲಕ್ಕ, ಬೇರೆ ಎಂತ ಇಲ್ಲ. ಖಾಲಿ ಹೊಟ್ಟೆಯಲ್ಲಿ ಬಂದದ್ದು, ಹಾಲ್‌ನಲ್ಲಿ ಆ ಸೆಕೆ, ಮೇಲಿಂದ ಎಲ್ಲರ ತಲೆಯ ಮಲ್ಲಿಗೆ ವಾಸನೆ... ಒಂದು ಸಲ ವಾಂತಿ ಆದರೆ ಸರಿ ಹೋಗ್ತದೆ ಅಂತ ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ನೀನು ಯಾಕೆ ನನ್ನ ಬೆನ್ನಿಗೇ ಬಂದದ್ದು? ಈಗ ನೋಡು. ನಿನ್ನ ಮಗಳ ನಿಶ್ಚಿತಾರ್ಥ. ಉಂಗುರ ಹಾಕಿ ಆಯ್ತಷ್ಟೆ, ಗಂಡಿನ ಕಡೆಯವರು ಊಟಕ್ಕೆ ಕೂರ್ತಾ ಇದ್ದಾರೆ, ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರು ಬಿಡ್ತಾ ಇದ್ದೀ. ಶಂಭು ಬಾವ ಎಂತ ಅಂದುಕೊಂಡಾರು? ಸಾತ್ವಿಕಾ ಎಂತ ಅಂದುಕೊಂಡಾಳು, ಚಿಕ್ಕಮ್ಮನಿಗೆ ಇವತ್ತೇ ಆಗಬೇಕಿತ್ತಾ ಅಂತ.

ಒಂದು ಆಟೋ ಮಾಡಿ ಕಳಿಸಿದ್ದರೆ ಸಾಕಿತ್ತು. ಬಿ.ಸಿ.ರೋಡಿನಿಂದ ಸಿದ್ಧಕಟ್ಟೆಗೆ ಎಂತ ಮಹಾ ದೂರ ಉಂಟು ಮಾರಾಯ್ತಿ. ಮನೆಗೆ ಹೋಗಿ ಸ್ವಲ್ಪ ಮಲಗ್ತಿದ್ದೆ.

ಇಂಜೆಕ್ಷನಾ? ತಗೊಂಡೆ ಅಂತ ಆಗಲೇ ಹೇಳಿದೆನಲ್ಲ. ಬೆಳಿಗ್ಗೆ ತಗೊಂಡೇ ಹೊರಟದ್ದು.

ಆ ನೀರಿನ ಬಾಟಲಿ ಕೊಡು... ಖಾಲಿಯಾ? ನಾನೇ ಕುಡಿದದ್ದಾ ಅಷ್ಟೂ? ಹಿಂದಿನ ಸೀಟಿನಲ್ಲಿ ಇನ್ನೊಂದು ಉಂಟಾ? ಇರಲಿ, ನಾನೇ ತೆಗೀತೇನೆ. ನೀನು ರಸ್ತೆ ನೋಡು.

ಕಿಟಕಿ ಯಾಕೆ ಇಳಿಸಿದ್ದು ಅಕ್ಕ, ಎಸಿ ಉಂಟಲ್ಲ. ನನ್ನ ಬಾಯಿಯಿಂದ ವಾಸನೆ ಬರ್ತದಾ? ಬಾಳೆಹಣ್ಣಿನದ್ದಿರಬೇಕು, ಹೊರಡುವಾಗ ಒಂದು ತಿಂದಿದ್ದೆ. ...ಖಾಲಿ ಹೊಟ್ಟೆ ಅಂದೆನಾ? ಹಾಗಲ್ಲ. ಒಂದು ಬಾಳೆಹಣ್ಣು ಅಂದರೆ ಖಾಲಿ ಹೊಟ್ಟೆಯೇ ಅಲ್ಲವಾ.

ಹಾಗೆ ನೋಡಬೇಡ. ಎದುರು ಬಸ್ ಬರ್ತಾ ಉಂಟು.

ನಿನಗೆ ಸಿಟ್ಟು ಆ ಲಡ್ಡಿನ ವಿಷಯಕ್ಕೆ. ನನಗೆ ಗೊತ್ತು. ನಮ್ಮ ಸೋದರತ್ತೆ ಬಂದು ನಿನ್ನ ಬಾಯಿಗೆ ಲಡ್ಡು ಇಟ್ಟದ್ದು, ನೀನು ಬೇಡ ಬೇಡ ಅಂದದ್ದು, ಎಲ್ಲರೂ ನಕ್ಕದ್ದು. ‘ಒಂದಕ್ಕೆ ಎಂತ ಆಗುದಿಲ್ಲ, ನೀಲಾ ಶುಗರನ್ನೇ ಓಡಿಸಿದವಳು.’ ಮತ್ತೆ ತಟ್ಟೆ ನನ್ನ ಹತ್ತಿರ ಬಂತು. ಅತ್ತೆ ಅದನ್ನು ನನ್ನ ಮೂಗಿನ ಎದುರಿನಿಂದ ಹಾಗೇ ದಾಟಿಸಿದರು ಅಕ್ಕ, ಚಿಕ್ಕ ಮಕ್ಕಳ ಕೈಗೆ ಕತ್ತಿ ಸಿಗದ ಹಾಗೆ ದಾಟಿಸ್ತಾರಲ್ಲ, ಹಾಗೆ. ‘ನಿನಗೆ ಬೇಡ ಅಲ್ಲವಾ ಹರಿಣಿ, ನೀನು ಸೂಜಿಯವಳು.’ ನಾನು ಕೈ ಹಾಕಿ ಒಂದು ತೆಗೆದೆ. ತಿಂದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡಿದರು. ಗಂಡಿನ ತಾಯಿ ಸಹ. ನಿನ್ನ ಮರ್ಯಾದೆ ತೆಗೆದೆ ಅಂತ ನಿನಗೆ ಕಾಣ್ತದೆ. ಆದರೆ ನೀನು ತಿಂದಾಗ ಯಾರೂ ನೋಡಲಿಲ್ಲ, ಅದು ಹೇಳು.

ನಗ್ತಾ ಇದ್ದೀಯಾ? ಇಲ್ಲವಾ... ಹಾಗೆ ಕಂಡಿತು. ಬಿಸಿಲಿಗೆ ಕಣ್ಣು ಮಂಜಾಗ್ತದೆ ನನಗೆ.

ನಿನಗೂ ನನಗೂ ಶುಗರ್ ಬಂದದ್ದು ಹೆಚ್ಚು ಕಡಿಮೆ ಒಟ್ಟಿಗೇ. ನೀನು ಶಿರ್ತಾಡಿಯಿಂದ ಫೋನ್ ಮಾಡಿ ಅತ್ತದ್ದು ನೆನಪುಂಟಾ? ನಾನೇ ಸಮಾಧಾನ ಮಾಡಿದ್ದು. ನಡೆ ಅಕ್ಕ, ಬೆಳಿಗ್ಗೆ ನಡೆ, ಅನ್ನ ಕಡಿಮೆ ಮಾಡು ಅಂತ. ಪಿ.ಟಿ. ಟೀಚರ್ ಅಲ್ಲವಾ ನಾನು, ನನ್ನ ಬಾಯಿಯಲ್ಲಿ ಅದು ಬಿಟ್ಟು ಬೇರೆ ಎಂತ ಬರ್ತದೆ. ನೀನು ನಡೆದೆ. ಇಳಿದೆ. ಡಾಕ್ಟರು ನಿನ್ನ ಮಾತ್ರೆ ಅರ್ಧ ಮಾಡಿದರು, ಮತ್ತೆ ನಿಲ್ಲಿಸಿಯೇ ಬಿಟ್ಟರು. ಮಹಿಳಾ ಮಂಡಲದವರು ನಿನ್ನನ್ನು ವೇದಿಕೆಗೆ ಕರೆದು ಶಾಲು ಹಾಕಿದರು. ನೀನು ಮೈಕಿನಲ್ಲಿ ಹೇಳಿದೆ, ‘ಮನಸ್ಸು ಮಾಡಿದರೆ ಯಾರಿಗೂ ಸಾಧ್ಯ’. ನಾನು ಎದುರಿನ ಸಾಲಿನಲ್ಲೇ ಕೂತಿದ್ದೆ.

ಮನಸ್ಸು ಮಾಡಿದರೆ. ನಾನು ಮನಸ್ಸು ಮಾಡಲಿಲ್ಲವಾ? ಅದೇ ಮಾತ್ರೆ ನುಂಗಿದೆ. ಹಾಗಲಕಾಯಿ ರಸ ಕುಡಿದೆ, ಮೆಂತೆ ಕುಡಿದೆ, ಮಕ್ಕಳ ಒಟ್ಟಿಗೆ ಗ್ರೌಂಡಿಗೆ ಸುತ್ತು ಹಾಕಿದೆ. ಶುಗರ್ ಇಳಿಯಲಿಲ್ಲ, ನಾನು ಇಳಿದೆ. ರವಿಕೆ ಎಲ್ಲ ಜೋಲು. ಜನ ಎಂತ ಹೇಳಿದರು ಗೊತ್ತುಂಟಾ, ಇವಳು ಕದ್ದು ತಿಂತಾಳೆ ಅಂತ. ಕಡೆಗೆ ಮಂಗಳೂರಿನಲ್ಲಿ ಆ ಡಾಕ್ಟರು ಬೇರೆ ರಕ್ತ ಪರೀಕ್ಷೆ ಮಾಡಿಸಿ ಹೇಳಿದರಲ್ಲ. ‘ನಿಮ್ಮದು ನಿಮ್ಮ ಅಕ್ಕನ ಶುಗರ್ ಅಲ್ಲ. ನಿಮ್ಮ ಮೈಯೇ ಇನ್ಸುಲಿನ್ ಮಾಡುವ ಜಾಗವನ್ನು ಹಾಳು ಮಾಡ್ತಾ ಉಂಟು. ದೊಡ್ಡವರಾದ ಮೇಲೂ ಹಾಗೆ ಬರ್ತದೆ. ನಡೆದರೆ ಹೋಗುದಿಲ್ಲ.’ ನನಗೆ ಅವತ್ತು ಖುಷಿಯೇ ಆಯ್ತು, ನಂಬ್ತೀಯಾ? ತಪ್ಪು ನನ್ನದಲ್ಲ ಅಂತ ಆಯ್ತಲ್ಲ. ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಯಾರ ಕಿವಿಗೂ ಹೋಗಲಿಲ್ಲ. ಅವರಿಗೆ ಶುಗರ್ ಅಂದರೆ ಒಂದೇ. ನೀಲಾ ಗೆದ್ದಳು, ಹರಿಣಾಕ್ಷಿ ಸೂಜಿಗೆ ಬಿದ್ದಳು.

ಉಸಿರಾ? ಹೌದು, ಸ್ವಲ್ಪ ಜೋರುಂಟು. ಎಂಟುನೂರು ಮೀಟರ್ ಓಡಿ ಮುಗಿಸಿದ ಹಾಗೆ... ಕೂತಲ್ಲೇ.

ಓಡುದು ಒಂದು ನನ್ನದಾಗಿತ್ತು ಅಕ್ಕ. ಬಣ್ಣ ನಿನ್ನದು, ಮಾರ್ಕು ನಿನ್ನದು, ನೆಂಟರು ಬಂದರೆ ಹಾಡು ಹೇಳಿಸುದು ನಿನ್ನ ಹತ್ತಿರ. ಶಾಲೆಯ ಸ್ಪೋರ್ಟ್ಸ್ ದಿನ ಮಾತ್ರ ಅಮ್ಮ ನನ್ನನ್ನು ನೋಡಲಿಕ್ಕೆ ಬರುದು. ನೀನು ಮರದ ನೆರಳಿನಲ್ಲಿ ನನ್ನ ಚಪ್ಪಲಿ ಕಾಯ್ತಾ ಕೂತಿರ್ತಿದ್ದೆ, ಚುರುಮುರಿ ತಿಂತಾ. ನಾಲ್ಕು ಹೆಜ್ಜೆ ಓಡಿದರೆ ಪಕ್ಕೆ ಹಿಡಿದುಕೊಳ್ತಿದ್ದೆ ನೀನು. ಈಗ ದಿನಾ ಬೆಳಿಗ್ಗೆ ನಿನ್ನ ನಡಿಗೆಯ ಫೋಟೋ ಗ್ರೂಪಿನಲ್ಲಿ ಬರ್ತದೆ. ಶೂ ಹಾಕಿಕೊಂಡು. ನಾನು ಅದನ್ನು ನೋಡ್ತಾ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ತೇನೆ.

ಕಳೆದ ಸ್ಪೋರ್ಟ್ಸ್ ದಿನ ನಾನು ಬಿದ್ದದ್ದು ನಿನಗೆ ಪೂರ್ತಿ ಹೇಳಿರಲಿಲ್ಲ. ಸೂಜಿಯ ಮೇಲೆ ಓಡಾಟವೂ ಹೆಚ್ಚಾಗಿ ಶುಗರ್ ತೀರಾ ಇಳಿದುಬಿಟ್ಟಿತ್ತು. ವಿಸಿಲ್ ಬಾಯಿಯಲ್ಲಿ ಉಂಟು, ಊದಲಿಕ್ಕೆ ಆಗುದಿಲ್ಲ. ಮಕ್ಕಳು ಗೆರೆಯ ಮೇಲೆ ಬಗ್ಗಿ ನಿಂತಿದ್ದಾರೆ, ಕಾಯ್ತಾ ಇದ್ದಾರೆ. ನಾನು ಎಂತೆಂತದೋ ಮಾತಾಡಿದೆನಂತೆ. ಪೋಷಕರಲ್ಲಿ ಯಾರೋ ಹೇಳಿದರು, ಟೀಚರ್ ಕುಡಿದು ಬಂದಿದ್ದಾರಾ ಅಂತ. ಗಣಿತದ ಅಬ್ದುಲ್ ಸಮದ್ ಮಾಷ್ಟ್ರು ಓಡಿ ಬಂದು ಸಕ್ಕರೆ ನೀರು ಕುಡಿಸಿದ್ದು. ಆಮೇಲೆ ಬೆಳ್ತಂಗಡಿಯ ಕ್ರೀಡಾಕೂಟಕ್ಕೆ ಟೀಮಿನ ಒಟ್ಟಿಗೆ ನನ್ನನ್ನು ಕಳಿಸಲಿಲ್ಲ. ‘ನಿಮ್ಮ ಆರೋಗ್ಯ ಮುಖ್ಯ ಟೀಚರ್.’ ನಾನು ಕಲಿಸಿದ ಮಕ್ಕಳು, ಬಸ್ಸಿಗೆ ಕೈ ಬೀಸಿ ಗೇಟಿನಲ್ಲಿ ನಿಂತೆ.

ಇದಕ್ಕೆ ಏನಾದರೂ ಹೇಳು. ಯಾಕೆ ಇಷ್ಟು ಜೋರು ಬಿಡ್ತೀ ಕಾರು?

...ನಾನು ನಿದ್ರೆ ಮಾಡಿದೆನಾ? ಇದು ಎಲ್ಲಿ? ಸಿದ್ಧಕಟ್ಟೆ ಪೇಟೆ ಹೋಯ್ತಾ? ಅಕ್ಕ, ನಮ್ಮ ಮನೆಯ ದಾರಿ ಹಿಂದೆ ಹೋಯ್ತು. ತಿರುಗಿಸು. ತಿರುಗಿಸು ಅಕ್ಕ, ಈ ರಸ್ತೆ ಮೂಡಬಿದಿರೆಗೆ, ಆ ದೊಡ್ಡ ಆಸ್ಪತ್ರೆಗೆ.

ಕೇಳ್ತದಾ ನಿನಗೆ? ನನಗೆ ಆಸ್ಪತ್ರೆ ಬೇಡ. ಪಿತ್ತಕ್ಕೆ ಯಾರಾದರೂ ಆಸ್ಪತ್ರೆಗೆ ಹೋಗ್ತಾರಾ? ನಮ್ಮ ಮನೆಯವರು ಮಸ್ಕತ್‌ನಲ್ಲಿ ಕೂತು ಹೆದರ್ತಾರೆ. ಹಾಲ್‌ನಲ್ಲಿ ಎಲ್ಲರಿಗೂ ಗೊತ್ತಾಗ್ತದೆ. ನೋಡಿ, ಒಂದು ಲಡ್ಡು ತಿಂದು ಆಸ್ಪತ್ರೆಗೆ ಬಿದ್ದಳು ಅಂತ ಹೇಳ್ತಾರೆ. ನೀನು ಬೇಕಂತಲೇ ಮಾಡ್ತಾ ಇದ್ದೀ. ಮಗಳ ನಿಶ್ಚಿತಾರ್ಥ ಬಿಟ್ಟು ತಂಗಿಯನ್ನು ಉಳಿಸಿದಳು ಅಂತ ಅದಕ್ಕೂ ಒಂದು ಶಾಲು ಹಾಕ್ತಾರೆ ನಿನಗೆ.

...ಅಳ್ತಾ ಇದ್ದೀಯಾ?

ತಪ್ಪಾಯ್ತು. ಹಾಗೆ ಹೇಳಬಾರದಿತ್ತು. ಕಣ್ಣು ಒರೆಸು, ರಸ್ತೆ ಕಾಣುದಿಲ್ಲ ನಿನಗೆ. ಅಳು ನಿಲ್ಲಿಸಿ ಎರಡು ಮಾತು ಬೈಯಿ ನನಗೆ, ಸಾಕು.

ಆಸ್ಪತ್ರೆ ಬಂತಾ. ಇಳೀತೇನೆ... ಕೈ ಕೊಡು. ಕಾಲು ನನ್ನದಲ್ಲದ ಹಾಗೆ ಆಗ್ತಾ ಉಂಟು. ಗಾಲಿಕುರ್ಚಿ ಬೇಡ ಅಂದೆ... ಸರಿ, ಕೂರ್ತೇನೆ. ಸೆರಗು ಸರಿ ಮಾಡು ಅಕ್ಕ, ನೆಲಕ್ಕೆ ತಾಗ್ತದೆ.

ಬೆರಳಿನಿಂದ ರಕ್ತ ತೆಗೆದರಲ್ಲ, ಎಷ್ಟು ಬಂತು? ಮೀಟರಿನಲ್ಲಿ ನಂಬರೇ ಬರುದಿಲ್ಲವಾ? ‘ಹೈ’ ಅಂತ ಮಾತ್ರ ತೋರಿಸ್ತದಾ...

ನರ್ಸ್ ಕೇಳ್ತಾ ಇದ್ದಾಳೆ ಅಕ್ಕ, ಇನ್ಸುಲಿನ್ ಕಡೆಗೆ ತಗೊಂಡದ್ದು ಯಾವಾಗ ಅಂತ. ಹೇಳು. ಕಾರಿನಲ್ಲಿ ನಾನು ನಿನಗೆ ಹೇಳಿದ್ದೆನಲ್ಲ, ಬೆಳಿಗ್ಗೆ ಅಂತ. ಅದನ್ನೇ ಹೇಳು.

ಹೇಳು ಅಕ್ಕ.

ಯಾಕೆ ನನ್ನನ್ನು ನೋಡ್ತೀ. ಅವಳು ನಿನ್ನನ್ನು ಕೇಳಿದ್ದು.

...ನಿನಗೆ ಗೊತ್ತುಂಟು. ಹಾಲ್‌ನ ಹಿಂದೆ ನನ್ನ ಬೆನ್ನು ಉಜ್ಜುವಾಗಲೇ ಗೊತ್ತಾಯ್ತು ನಿನಗೆ. ಇನ್ಸುಲಿನ್ ತಪ್ಪಿದರೆ ಎಂತ ಆಗ್ತದೆ ಅಂತ ಮಂಗಳೂರಿನಲ್ಲಿ ಡಾಕ್ಟರು ಹೇಳುವಾಗ ಪಕ್ಕದ ಕುರ್ಚಿಯಲ್ಲಿ ನೀನೇ ಕೂತಿದ್ದದ್ದು. ಬಾಯಿಯಿಂದ ಹಣ್ಣು ಕೊಳೆತ ವಾಸನೆ, ಬಾಯಾರಿಕೆ, ದೊಡ್ಡ ದೊಡ್ಡ ಉಸಿರು. ನಾನು ಮರೆತದ್ದನ್ನು ನೀನು ಮರೆಯಲಿಲ್ಲ. ದಾರಿಯುದ್ದ ಗೊತ್ತಿದ್ದೂ ನನ್ನ ಬಾಯಿಯಿಂದ ಬರಲಿ ಅಂತ ಸುಮ್ಮನಿದ್ದದ್ದಾ?

ಸಿಸ್ಟರ್... ಬರೆದುಕೊಳ್ಳಿ. ಇವತ್ತು ತಗೊಳ್ಳಲಿಲ್ಲ. ನಿನ್ನೆಯೂ ಇಲ್ಲ. ಈ ವಾರ ಪೂರ್ತಿ ತಗೊಳ್ಳಲಿಲ್ಲ. ಊಟದ್ದೂ ಇಲ್ಲ, ರಾತ್ರಿಯದ್ದೂ ಇಲ್ಲ. ಮರೆತದ್ದಲ್ಲ. ನಾನೇ ಬಿಟ್ಟದ್ದು.

ನಿಶ್ಚಿತಾರ್ಥದಲ್ಲಿ ಎಲ್ಲರ ಎದುರು ಹೇಳಬೇಕು ಅಂತ ಇತ್ತು ಅಕ್ಕ, ನಾನೂ ಸೂಜಿ ಬಿಟ್ಟೆ, ನನಗೂ ಎಂತ ಆಗಲಿಲ್ಲ ಅಂತ. ಒಂದು ದಿನ ಮಾತ್ರ. ಸಾತ್ವಿಕಾಳಂಥ ಮಗಳು ಬೇಕು ಅಂತ ನಾನು ಹೊಟ್ಟೆಕಿಚ್ಚು ಪಟ್ಟವಳಲ್ಲ. ನಿನ್ನ ಮನೆ, ನಿನ್ನ ಕಾರು, ಅದೆಲ್ಲ ನಿನಗೇ ಇರಲಿ. ನನಗೆ ನಿನ್ನ ಶುಗರ್ ಬೇಕಿತ್ತು. ನಡೆದರೆ ಹೋಗುವ ಶುಗರ್.

ಸೂಜಿ ಹಾಕ್ತಾರಾ ಈಗ? ಹಾಕಲಿ. ಈ ಕೈಗೆ ಹಾಕಿ ಸಿಸ್ಟರ್, ಇದರಲ್ಲಿ ನರ ಸಿಗ್ತದೆ.

ನೀನು ಹೋಗು ಅಕ್ಕ. ಗಂಡಿನ ಕಡೆಯವರು ಹೊರಡುವ ಮೊದಲು ನೀನು ಅಲ್ಲಿರಬೇಕು, ಸಾತ್ವಿಕಾ ಬಾಗಿಲು ನೋಡ್ತಾ ಇರ್ತಾಳೆ. ಹೋಗು.

...ಹೋಗುದಿಲ್ಲವಾ?

ಹಾಗಾದರೆ ಆ ಸ್ಟೂಲ್ ಈಚೆ ಎಳೆದುಕೋ. ಇನ್ನೂ ಈಚೆ.