ಸೆರಗು ಕಾಣೆಯಾದ ಪಾಠ

ಬಾಗಲಕೋಟೆ ಬಸ್ ನಿಲ್ದಾಣದಲ್ಲಿ ಬಾದಾಮಿ ಬಸ್ಸಿಗೆ ಕಾದಿದ್ದ ಅಮಸಿದ್ದಪ್ಪನ ಕಿವಿ ನಿಮಿರಿತು. ಪಕ್ಕದಲ್ಲೇ ಇಬ್ಬರು ಶಿಕ್ಷಕಿಯರು ಲ್ಯಾಪ್‌ಟಾಪಿನ ಮೇಲೆ ಬಗ್ಗಿದ್ದರು.

“ಸುನಂದಕ್ಕಾ, ಸೀರಿ ಪಾಠದಾಗ ಒಂದ ಚಿತ್ರಾನೂ ಕಾಣವಲ್ದರಿ. ಬರೇ ಖಾಲಿ ಚೌಕ!”

“ನಿನ್ನೆ ಎಲ್ಲಾ ಇದ್ದುವಲ್ಲ ವಿದ್ಯಾ, ಏನ್ ಮಾಡೀದಿ?”

“ಪಾಠದಾಗ ಹಿಂದಿಯವರಂಗ ‘ಪಲ್ಲು’ ಅಂತಿತ್ತು. ಎಲ್ಲಾ ಕಡೆ ಒಮ್ಮೆಲೇ ‘ಸೆರಗು’ ಮಾಡಿದೆ.”

“ಎಲ್ಲಾ ಕಡೆ ಅಂದ್ರ, ಪಾಠ ಚಿತ್ರಾನ ಕರಿಯೂ ಫೈಲ್ ಹೆಸರಿನಾಗೂ?”

ವಿದ್ಯಾ ಹಣೆ ಚಚ್ಚಿಕೊಂಡಳು.

“ಅಯ್ಯ! ಫೋಲ್ಡರಿನಾಗ ಚಿತ್ರಗಳು ಇನ್ನೂ ಪಲ್ಲು ಅಂತನ ಕುಂತಾವ. ಪಾಠ ಸೆರಗು ಅಂತ ಕರದ್ರ ಹೆಂಗ ಓ ಅಂದಾವು?”

“ಮಧ್ಯಾಹ್ನ ಇಳಕಲ್ಲದಾಗ ಕ್ಲಾಸ್ ಐತಿ. ಹಳೇ ಪಾಠನ ಹಾಕಿಬಿಡೂಣು.”

“ಸುತರಾಂ ಇಲ್ರಿ! ನೇಕಾರರ ಹುಡುಗ್ಯಾರಿಗೆ ಅವರ ಸೆರಗನ್ನ ಪಲ್ಲು ಅಂತ ಕಲಿಸಾಕ ನಾ ಬರಂಗಿಲ್ಲ. ಒಂದೊಂದ ಚಿತ್ರದ ಹೆಸರು ತಿದ್ದತೇನಿ.”

“ಇಳಕಲ್ ಬಸ್ ಬಂತಲ್ಲೇ!”

“ನೀವು ಸೀಟ್ ಹಿಡೀರಿ, ಬಸ್ಸಿನಾಗ ಕುಂತ ತಿದ್ದತೇನಿ.”

ಇಬ್ಬರೂ ಹತ್ತಿದರು. ಅತ್ತ ಬಾದಾಮಿಯ ಬಸ್ಸೂ ಹೊರಟಿತು, ಅಮಸಿದ್ದಪ್ಪ ಕದಲದೆ ಅವರ ಕಿಟಕಿಯತ್ತಲೇ ನೋಡುತ್ತ ನಿಂತ. ಇಳಕಲ್ಲಿನ ಬಸ್ಸು ಹೊರಳುವಾಗ ಕಿಟಕಿಯಿಂದ ಕೂಗು ಕೇಳಿತು: “ಅಕ್ಕಾ, ಒಂದ ಬಂತ್ರಿ!”

ವಿದ್ಯಾ ಎತ್ತಿ ಹಿಡಿದ ಪರದೆಯಲ್ಲಿ ಕೆಂಪು ಸೆರಗೊಂದು ಝಗ್ಗನೆ ಹೊಳೆದು, ಬಸ್ಸಿನೊಂದಿಗೇ ತಿರುವಿನಲ್ಲಿ ಮರೆಯಾಯಿತು.