ಸಿಕ್ಸ್ಟನ್ ಮೇಷ್ಟ್ರ ಮೂವತ್ತೊಂದನೆಯ ಪೆಟ್ಟಿಗೆ

ಆ ಮೇಣದಬತ್ತಿ ಸ್ವಲ್ಪ ಇತ್ತ ಸರಿಸಿ. ಕರೆಂಟು ಬೆಳಗಿನ ತನಕ ಬರುವ ಹಾಗೆ ಕಾಣುವುದಿಲ್ಲ. ಇದು ನಮ್ಮ ಮೇಲಿನ ಮಹಡಿಯ ಹಿಲ್ಲೆವಿಗೆ ಆದದ್ದು. ಅವಳು ಕತೆ ಕಟ್ಟುವವಳಲ್ಲ. ಕಾಗದದಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳುವ ಅಭ್ಯಾಸವೇ ಅವಳಿಗಿಲ್ಲ.

ಹೋದ ವರ್ಷ ಡಿಸೆಂಬರ್. ನಮ್ಮ ಸ್ವೀಡನ್ನಿನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ದಿನಗಳು. ವಿಶ್ವವಿದ್ಯಾಲಯದ ಪತ್ರಾಗಾರದಿಂದ ಅವಳು ಹೊರಟಾಗ ಐದೂವರೆ. ಚರ್ಚಿನ ಹಿಂದಿನ ದಾರಿ ಹಿಡಿದಳು. ಅಲ್ಲೊಂದು ಹಳೆಯ ಬಾವಿ ಇದೆ, ಮೇಲೆ ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ಎಲೆ ಉದುರಿದ ಲಿಂಡೆನ್ ಮರ. ಒಂದು ನರಪಿಳ್ಳೆ ಇಲ್ಲ.

ಹಿಲ್ಲೆವಿಯ ಕೋಟಿನೊಳಗೆ ಒಂದು ಹಾಳೆ ಇತ್ತು... ಕದ್ದ ಹಾಳೆ. ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ಒಂದು ಚೂರು ಕಾಗದವನ್ನೂ ಹೊರಗೆ ತಂದವಳಲ್ಲ. ಅವತ್ತು ತಂದಿದ್ದಳು.

ಯಾವ ಹಾಳೆ ಅಂತೀರಾ? ಸಿಕ್ಸ್ಟನ್ ಹೆಡ್ವಾಲ್ ಎಂದು ಒಬ್ಬ ಚರಿತ್ರೆ ಮೇಷ್ಟ್ರಿದ್ದರು. ಮೂವತ್ತು ವರ್ಷ ಒಂದೇ ಸಂಶೋಧನಾ ಪತ್ರಿಕೆಯ ಸಂಪಾದಕರು. ದೊಡ್ಡ ಹೆಸರು. ಹಿಲ್ಲೆವಿ ಅವರ ಶಿಷ್ಯೆ. ಸ್ವೀಡನ್ನಿನ ಮಾಟಗಾತಿ ವಿಚಾರಣೆಗಳಲ್ಲಿ ಸಾಕ್ಷಿ ಹೇಳಿದ ಹೆಂಗಸರ ಬಗ್ಗೆ ಆರು ವರ್ಷ ದುಡಿದು ಒಂದು ಲೇಖನ ಬರೆದು ಅವರ ಪತ್ರಿಕೆಗೇ ಕೊಟ್ಟಳು. ಅದು ಅಚ್ಚಾದರೆ ದಕ್ಷಿಣದ ಊರೊಂದರಲ್ಲಿ ಅಧ್ಯಾಪಕಿ ಕೆಲಸ ಗ್ಯಾರಂಟಿ.

ಅಂಥ ಲೇಖನವನ್ನು ಸಂಪಾದಕರು ಇನ್ನೊಬ್ಬ ಪಂಡಿತರಿಗೆ ಗುಟ್ಟಾಗಿ ಕಳಿಸಿ ಅಭಿಪ್ರಾಯ ತರಿಸುತ್ತಾರೆ. ಅವರು ಯಾರೆಂದು ಬರೆದವರಿಗೆ ತಿಳಿಯಬಾರದು. ಅಕ್ಷರದ ಗುರುತೂ ಹತ್ತಬಾರದೆಂದು ಸಿಕ್ಸ್ಟನ್ ಮೇಷ್ಟ್ರು ಆ ಅಭಿಪ್ರಾಯವನ್ನು ತಾವೇ ಕೂತು, ತಮ್ಮ ಮಿಷನ್ನಿನಲ್ಲಿ ಹೊಸದಾಗಿ ಟೈಪ್ ಮಾಡಿ ಕೊಡುತ್ತಿದ್ದರು. ಎಷ್ಟು ನಿಯತ್ತಿನ ಮನುಷ್ಯ ಎಂದು ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಹಿಲ್ಲೆವಿಗೆ ಬಂದ ಟೈಪ್ ಹಾಳೆಯಲ್ಲಿ ಇದ್ದದ್ದು ಇಷ್ಟು: ಅಪಕ್ವ, ಆಧಾರವಿಲ್ಲ, ಅಚ್ಚಿಗೆ ಯೋಗ್ಯವಲ್ಲ. ಅವಳು ಮೇಷ್ಟ್ರ ಕೋಣೆಯಲ್ಲೇ ಕೂತು ಅತ್ತಳು. ಮೇಷ್ಟ್ರು ಕಾಫಿ ಬಗ್ಗಿಸಿ ಕೊಟ್ಟರು, ದಾಲ್ಚಿನ್ನಿ ಬನ್ನು ಕೊಟ್ಟರು, ತಲೆ ಸವರಿದರು. ಆಮೇಲೆ ಪತ್ರಾಗಾರದ ಕೆಲಸವನ್ನೂ ಕೊಡಿಸಿದರು. ಅವಳು ಮತ್ತೆ ಒಂದು ಸಾಲೂ ಬರೆಯಲಿಲ್ಲ.

ಹೋದ ವರ್ಷ ಮಾರ್ಚ್‌ನಲ್ಲಿ ಮೇಷ್ಟ್ರು ತೀರಿಕೊಂಡರು. ತಮ್ಮ ಕಾಗದಪತ್ರವನ್ನೆಲ್ಲ ಹಿಲ್ಲೆವಿಯೇ ವಿಂಗಡಿಸಬೇಕು, ಇಡುವುದೇನು ಬಿಸಾಡುವುದೇನು ಅವಳೇ ತೀರ್ಮಾನಿಸಬೇಕು ಎಂದು ಉಯಿಲಿನಲ್ಲಿ ಬರೆಸಿದ್ದರು. ಪಾಪ, ಅವಳು ಹೆಮ್ಮೆಯಿಂದ ಉಬ್ಬಿಹೋಗಿದ್ದಳು. ಡಿಸೆಂಬರಿನ ಆ ದಿನ ಮೂವತ್ತೊಂದನೆಯ ಪೆಟ್ಟಿಗೆ ಬಿಚ್ಚಿದಳು. ಒಳಗೆ ಅವಳ ಲೇಖನ. ಅದರ ಹಿಂದೆ, ತುಕ್ಕು ಹಿಡಿದ ಗುಂಡುಸೂಜಿ ಚುಚ್ಚಿಕೊಂಡು, ಫಿನ್ಲೆಂಡಿನ ಪಂಡಿತರೊಬ್ಬರ ಕೈಬರಹದ ಹಾಳೆ. "ಇಂಥ ಕೆಲಸ ನಾನು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ. ತಡಮಾಡದೆ ಅಚ್ಚು ಮಾಡಿ."

ಮೇಷ್ಟ್ರು ಅದನ್ನು ನೋಡಿಕೊಂಡೇ, ಬೇರೆಯದನ್ನು ಟೈಪ್ ಮಾಡಿದ್ದರು!

ಮೋಸ ಮಾಡಿದವನು ಶತ್ರುವಾಗಿದ್ದರೆ ಬೈದು ಹಗುರಾಗಬಹುದು. ಇವರ ಸಮಾಧಿಗೆ ಅವಳು ತಿಂಗಳಿಗೊಮ್ಮೆ ಹೂವಿಟ್ಟು ಬರುತ್ತಿದ್ದಳು. ಹಾಳೆಯನ್ನು ಕೋಟಿನೊಳಗೆ ತುರುಕಿಕೊಂಡು ಹೊರಬಿದ್ದಳು. ಬೂದಿ ಮಾಡುವುದೋ, ಊರಿಗೆಲ್ಲ ತೋರಿಸುವುದೋ... ಅವಳಿಗೇ ಗೊತ್ತಿರಲಿಲ್ಲ.

ಬಾವಿಯ ಹತ್ತಿರ ಬಂದಳು. ಹಿಂದೆ ಸದ್ದು.

ಟಕ್... ಸರ್ರ್... ಟಕ್... ಸರ್ರ್...

ಕಲ್ಲಿನ ಮೇಲೆ ಊರುಗೋಲಿನ ಕಬ್ಬಿಣದ ತುದಿ. ಎಳೆದು ಹಾಕುವ ಎಡಗಾಲು. ಅವಳು ನಿಂತಳು, ಅದೂ ನಿಂತಿತು. ಒಂದು ಒಣ ಕೆಮ್ಮು.

"ಪುಟ್ಟೀ..."

ಐವತ್ತೊಂದು ವರ್ಷದ ಹೆಂಗಸನ್ನು ಪುಟ್ಟಿ ಎಂದು ಕರೆಯುತ್ತಿದ್ದವರು ಈ ಭೂಮಿಯ ಮೇಲೆ ಒಬ್ಬರೇ.

"ಸಿಕ್ತಾ?"

"ಸಿಕ್ತು, ಮೇಷ್ಟ್ರೇ."

"ತಿರುಗಬೇಡ... ಮುಚ್ಚಳದ ಸಂದಿ ಇದೆ ನೋಡು. ಒಳಗೆ ಹಾಕಿಬಿಡು."

"ಯಾಕೆ ಹಾಗ್ಮಾಡಿದ್ರಿ?"

ಮೇಲೆ ಕೊಂಬೆ ಕೊಂಬೆಗೆ ತಾಗಿ ಕಿರ್ ಎಂದಿತು.

"ಅಚ್ಚಾಗಿದ್ರೆ ನೀನು ಆ ಊರಿಗೆ ಹೋಗಿಬಿಡ್ತಿದ್ದೆ... ಪತ್ರಿಕೆ ಪ್ರೂಫ್ ನೋಡೋಕೆ ನಿನ್ನಷ್ಟು ಚೂಟಿ ಯಾರಿದ್ರು ನಂಗೆ?"

ಪ್ರೂಫ್! ಕೇಳಿದಿರಾ? ಇಪ್ಪತ್ತನಾಲ್ಕು ವರ್ಷ ಭಾನುವಾರ ಭಾನುವಾರ ಕೂತು, ಬಿಟ್ಟಿಯಾಗಿ, ಇವರ ಪತ್ರಿಕೆಯ ಅಕ್ಷರದೋಷ ಹೆಕ್ಕಿದ್ದಳು ಹುಡುಗಿ. ನನಗಂತೂ ಈಗಲೂ ಮೈ ಉರಿಯುತ್ತದೆ.

"ಹಾಗಾದ್ರೆ ಇದನ್ನ ಆಗ್ಲೇ ಸುಟ್ಟುಹಾಕಬಹುದಿತ್ತಲ್ಲ?"

"ಚರಿತ್ರೆ ಮೇಷ್ಟ್ರು ಕಣೇ ನಾನು... ಮೂಲಪ್ರತಿ ಸುಡೋಕೆ ಕೈ ಬರಲಿಲ್ಲ. ಅದಕ್ಕೇ ಉಯಿಲಲ್ಲಿ ನಿನ್ನ ಹೆಸರು ಬರೆಸಿದ್ದು. ನೀನಾದ್ರೆ ನನ್ನ ಮರ್ಯಾದೆ ಕಾಯ್ತೀಯ ಅಂತ... ಹಾಕು, ಪುಟ್ಟೀ."

ಹೆಮ್ಮೆಪಟ್ಟಿದ್ದಳಲ್ಲ, ಅದೂ ಮೋಸವೇ. ಹಿಲ್ಲೆವಿಗೆ ಅಳು ಬಂತು. ಭಯದ ಅಳುವಲ್ಲ. ಹಾಳೆ ಹೊರಗೆ ತೆಗೆದಳು. ಸಂದಿಯ ತನಕ ಕೈ ಹೋಯಿತು... ಅಲ್ಲೇ ನಿಂತಿತು.

"ನಂಗೂ ಕೈ ಬರಲ್ಲ, ಮೇಷ್ಟ್ರೇ. ನೀವೇ ಕಲಿಸಿದ್ದು."

ಬಂದ ದಾರಿಯಲ್ಲೇ ಹಿಂತಿರುಗಿದಳು. ಎದುರಿಗೆ ಯಾರೂ ಇಲ್ಲ. ಆದರೆ ಟಕ್... ಸರ್ರ್... ಪತ್ರಾಗಾರದ ಮೆಟ್ಟಿಲವರೆಗೆ ಅವಳ ಬೆನ್ನಿಗೇ ಬಂತು.

ಕಾವಲಿನ ಫೋಲ್ಕೆ ಬೀಗ ಹಾಕುತ್ತಿದ್ದ. "ಏನೇ ಹಿಲ್ಲೆವಿ, ಮನೆ ದಾರಿ ಮರ್ತುಹೋಯ್ತಾ? ಗಂಡನ ಜೊತೆ ಜಗಳ ಅನ್ನೋಣ ಅಂದ್ರೆ ನಿಂಗೆ ಗಂಡನೇ ಇಲ್ಲ!"

"ಬಾಗಿಲು ತೆಗಿ, ಫೋಲ್ಕೆ. ಒಂದು ಹಾಳೆ ಇಡೋದಿದೆ."

ಅವಳ ಮುಖ ನೋಡಿ ಅವನು ಮತ್ತೆ ತಮಾಷೆ ಮಾಡಲಿಲ್ಲ. ಹಿಲ್ಲೆವಿ ಹೊಸ ಕಡತ ತೆಗೆದು ಹಾಳೆಯನ್ನು ಅದರಲ್ಲಿಟ್ಟಳು. ಪೆನ್ಸಿಲಿನಲ್ಲಿ ಬರೆದಳು: ಪೆಟ್ಟಿಗೆ ೩೧, ಕಡತ ೯, ಪರಿಶೀಲಕರ ಅಭಿಪ್ರಾಯ, ಮೂಲಪ್ರತಿ. ಪತ್ರಾಗಾರದ ಪಟ್ಟಿಯಲ್ಲೂ ಸೇರಿಸಿದಳು. ಪಟ್ಟಿಗೆ ಸೇರಿದ ಕಾಗದವನ್ನು ಆಮೇಲೆ ಯಾರೂ ಬಿಸಾಡುವಂತಿಲ್ಲ, ಅವಳೂ ಸಹ. ಆ ಸಂಖ್ಯೆಯನ್ನು ಫೋಲ್ಕೆಗೂ ಹೇಳಲಿಲ್ಲ. ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿದವನು ಅವನೇ.

ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಸೇರಿ ಬಾಗಿಲು ತೆಗೆದರು. ವಾಚನಾಲಯದಲ್ಲಿ ಒಂದು ದೀಪ ಉರಿಯುತ್ತಿತ್ತು. ಅದರ ಕೆಳಗೆ ಒಂಬತ್ತನೆಯ ಕಡತ ಬಿಚ್ಚಿಕೊಂಡಿತ್ತು. ಹಾಳೆಯ ಒಂದಕ್ಷರವೂ ಅಳಿಸಿರಲಿಲ್ಲ. ಪಕ್ಕದಲ್ಲಿ ಕಡತ ಕೇಳುವವರು ತುಂಬಬೇಕಾದ ಚೀಟಿ. ಪೆಟ್ಟಿಗೆ ೩೧, ಕಡತ ೯. ತಾರೀಖು ಹಿಂದಿನ ದಿನದ್ದು. ಯಾವ ಉದ್ದೇಶಕ್ಕೆ ಎಂಬಲ್ಲಿ, "ತಿದ್ದುವುದಕ್ಕೆ". ಕೆಳಗೆ ಸಿಕ್ಸ್ಟನ್ ಮೇಷ್ಟ್ರ ರುಜು. ಮೂಲಪ್ರತಿ ತಿದ್ದಲು ಈ ಸಲವೂ ಅವರಿಗೆ ಕೈ ಬಂದಿರಲಿಲ್ಲ.

ತುಂಬಿದ ಚೀಟಿಯನ್ನು ಎಸೆಯುವ ಹಾಗಿಲ್ಲ ಎಂದು ಫೋಲ್ಕೆ ಅದನ್ನೂ ಡಿಸೆಂಬರಿನ ಕಟ್ಟಿಗೆ ಸೇರಿಸಿದ. ಈಗಲೂ ಅಲ್ಲೇ ಇದೆ. ನಾನೇ ಕಣ್ಣಾರೆ ನೋಡಿ ಬಂದಿದ್ದೇನೆ.