ಹಂಡೆ ನೀರು ಆರಿದ ದಿನ

ಅಂಗಲ್ಲ ಕಣ್ ಚೈತ್ರಾ, ಸೋಂಬೇರಿತನ ಯಾವ್ದು ಕಾಯ್ಲೆ ಯಾವ್ದು ಅಂತ ನಂಗೊತ್ತಾಯ್ತದೆ, ನಿಮ್ಮವ್ವ ಏನಾರ ಅನ್ಕೊಳ್ಲಿ. ಫೋನ್ ಕಿತ್ಕಂಡು ತಾಂಡವಪುರದಿಂದ ತಂದು ಬುಟ್ಟೋದ್ಲು, ಊರು ಬದ್ಲಾದ್ರೆ ಮಗ್ಳು ಸರೋಯ್ತಳೆ ಅಂತ. ನಮ್ಮೂರು ಹೆಡತಲೆ ಗಾಳಿಗೆ ಔಷ್ದಿ ಬೆರ್ಸವ್ರಾ? ಬಾ, ಜಗಲಿ ಮೇಲೆ ಕುಂತ್ಕೊ. ತಲೆ ಕೊಡಿಲ್ಲಿ, ಸಿಕ್ಕು ಬುಡಿಸ್ತೀನಿ. ಅಯ್ಯೋ, ಎಷ್ಟ್ ದಿನಾಯ್ತವ್ವ ಬಾಚಿ? ಇರ್ಲಿ ಬುಡು. ನೀ ಮಾತಾಡ್ಬ್ಯಾಡ, ನಾನೇ ಯೋಳ್ತೀನಿ.

ನೀನು ಉಟ್ಟಿದಾಗಿನ ಮಾತು ಇದು. ನಿಮ್ಮವ್ವ ಮಂಜುಳ ಬಾಣಂತನಕ್ಕೆ ಅಂತ ಇದೇ ಮನೆಗೆ ಬಂದಿದ್ಲು, ಚೊಚ್ಚಲು. ಈ ಬೀದೀಲಿ ಯಾರ್ ಮನೇಲಿ ಕೂಸು ಉಟ್ಟುದ್ರೂ ನೀರಾಕಕ್ಕೆ ನಾನೇ ಬೇಕು, ಗೊತ್ತಾ? 'ಕೆಂಪಮ್ಮ, ವಸಿ ಬಂದೋಗವ್ವ' ಅಂತ ಬಾಗ್ಲಿಗೆ ಬರೋರು. ಕಾಲು ನೀಡ್ಕಂಡು, ಕೂಸ್ನ ಕಾಲ್ ಮೇಲೆ ಬೋರಲಾಕ್ಕಂಡು, ಎಣ್ಣೆ ತೀಡಿ, ಬಿಸಿ ನೀರು ಉಯ್ದ್ರೆ ಮಧ್ಯಾನದ ಗಂಟ ಕೂಸು ಕಣ್ ಬುಡ್ಬಾರ್ದು, ಅಂಗಿತ್ತು ನನ್ ಕೈ. ಅಂಥೋಳ್ಗೆ ಸ್ವಂತ ಮೊಮ್ಮಗ್ಳು ಬಂದಾಗ ಕೈ ಏಳ್ಲಿಲ್ಲ ಕಣ್ ಮಗ.

ದಸರಾ ಆದ್ಮೇಲೆ ಶುರುವಾಯ್ತು, ಅಲ್ಲಲ್ಲ, ಅದ್ಕೂ ಮುಂಚೆ, ಗೌರಿ ಹಬ್ಬದ ಬಾಗ್ನ ಕಟ್ಟೋವಾಗ್ಲೇ ನಂಗೆ ಯಾವ್ದೂ ಬೇಡ ಅನ್ನಿಸ್ತಿತ್ತು. ಕೋಳಿ ಕೂಗಕ್ ಮುಂಚೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಮುದ್ದೆ ಗಂಟ್ಲಲ್ಲಿ ಇಳೀದು. ಹಸುಗೆ ಹುಲ್ಲಾಕಕ್ಕೆ ಎದ್ದೋಳು ಯಾಕ್ ಎದ್ದೆ ಅಂತ ಮರ್ತು ಅಲ್ಲೇ ನಿಂತಿರ್ತಿದ್ದೆ. ಡಾಕ್ಟ್ರ ತಾವ ಓದ್ರೆ ಏನ್ ಯೋಳ್ತಿದ್ದೆ ಗೊತ್ತಾ? 'ಎದೆ ಉರಿ ಸಾ, ತಲೆ ಸುತ್ತು ಸಾ, ಕೈ ಕಾಲು ಸೇದ್ತದೆ.' ಅವ್ರು ಒಂದು ಬಾಟ್ಲು ಗ್ಲೂಕೋಸ್ ಏರ್ಸಿ ಕಳ್ಸೋರು. ಅವ್ರ್ದೇನ್ ತಪ್ಪು? ನಾನು ಮೈದು ಯೋಳ್ದೆ, ಮನ್ಸಿಂದು ಯೋಳ್ಲಿಲ್ಲ. ನಮ್ಮೋರೆಲ್ಲ ಇಂಗೇ ಕಣ್ ಮಗ, ಮನ್ಸಿಗೆ ಬೇಜಾರು ಅಂತ ಡಾಕ್ಟ್ರ ಮುಂದೆ ಬಾಯ್ ಬುಡ್ತೀವಾ? ನಿಮ್ ತಾತ ದೃಷ್ಟಿ ಅಂತ ತಾಯ್ತ ಕಟ್ಸುದ್ರು, ಅದೂ ಕೈಯಲ್ಲಿತ್ತು.

ಅವತ್ತು ಅಂಡೆ ನೀರು ಕುದೀತಾ ಅದೆ. ನೀನು ನನ್ ಕಾಲ್ ಮೇಲೆ. ಎಣ್ಣೆನೂ ತೀಡಾಯ್ತು. ಚೊಂಬು ಎತ್ತಾನ ಅಂತೀನಿ, ಆಯ್ತಿಲ್ಲ. ಲಕ್ವ ಅಲ್ಲ, ಕೈ ಸರಿಯಾಗೇ ಅದೆ. ನಿನ್ ಮೊಕ ನೋಡುದ್ರೆ ಏನೂ ಅನ್ನಿಸ್ಲಿಲ್ಲ, ಯಾರ್ದೋ ಮನೆ ಕೂಸು ಅನ್ನಂಗೆ. ಅದೇ ಕಣ್ ಮಗ ನಂಗೆ ಭಯ ಆಗಿದ್ದು. ನೀನು ಅತ್ತೂ ಅತ್ತೂ ಕೆಂಪಾದೆ, ಒಲೆ ಕೆಂಡ ಬೂದಿ ಆಯ್ತು, ಅಂಡೆ ನೀರು ಆರೋಯ್ತು. ನಾನು ಅಂಗೇ ಕುಂತಿದ್ದೆ. ಅಷ್ಟರಲ್ಲಿ ಕೂಸು ನೋಡಕ್ಕೆ ಅಂತ ನಿಮ್ಮಪ್ಪನ ಅವ್ವ, ನಮ್ ಬೀಗಿತಿ, ಬಂದ್ರು. 'ಇದೇನ್ ಬೀಗಿತಿ! ಬರೀ ಮೈ ಕೂಸ್ನ ಚಳೀಗೆ ಆಕ್ಕಂಡು ಕುಂತಿದ್ದೀರಲ್ಲ! ನಿಮ್ಗೆ ಬಾಣಂತನ ಮಾಡಕ್ಕೆ ಆಗ್ದಿದ್ರೆ ನಾವೇ ಕರ್ಕೋಯ್ತೀವಿ, ಶುಕ್ರವಾರವೇ!' ಮಗ್ಳು ಮೊಮ್ಮಗ್ಳು ಒಂಟೋಯ್ತರೆ ಅಂದ್ರೂ ಕಣ್ಣಲ್ಲಿ ನೀರು ಬರ್ಲಿಲ್ಲ.

ಮಾರ್ನೆ ದಿನ ಆಸ್ಪತ್ರೆ ಸಿಸ್ಟರಮ್ಮ ಬಾಣಂತಿ ನೋಡಕ್ಕೆ ಬಂದ್ರು. ಮಂಜುಳನ್ನ ಕೂರ್ಸ್ಕಂಡು ಒಂದೊಂದೇ ಕೇಳುದ್ರು. 'ನಿದ್ದೆ ಬರುತ್ತಾ?' 'ಬತ್ತದೆ.' 'ಊಟ ಸೇರುತ್ತಾ?' 'ಸೇರ್ತದೆ.' 'ಮೊದ್ಲು ಖುಷಿ ಕೊಡ್ತಿದ್ದ ಕೆಲ್ಸ ಈಗ ಬೇಡ ಅನ್ಸುತ್ತಾ? ನಾನು ಯಾತಕ್ಕೂ ಪ್ರಯೋಜನ ಇಲ್ಲ ಅನ್ಸುತ್ತಾ? ಬದುಕಿರೋದೇ ಬೇಡ ಅನ್ಸುತ್ತಾ?' 'ಅಯ್ಯೋ, ಇಲ್ಲ ಸಿಸ್ಟರ್!' ಮೂಲೇಲಿ ಗೋಡೆಗೆ ಒರಗ್ಕಂಡಿದ್ದೆ ನಾನು. ಒಂದೊಂದು ಪ್ರಶ್ನೆನೂ ಬಂದು ನನ್ ಮುಂದೇ ನಿಂತಂಗಾಯ್ತು. ಬಾಯಿಂದ ಬಂದ್ಬುಡ್ತು, 'ನಂಗೆ ಅವೆಲ್ಲಾ ಅದೆ ಕಣವ್ವ.' ಸಿಸ್ಟರಮ್ಮ ಪೆನ್ನು ಮಡಗುದ್ರು, ಚಾಪೆ ಎಳ್ಕಂಡು ನನ್ ತಾವ ಬಂದು ಕುಂತ್ರು. 'ಎಷ್ಟು ದಿನದಿಂದ ಅಮ್ಮ?' ಅಂದ್ರು. ಆವಾಗ ಅತ್ತೆ ನೋಡು. ಅದೆಷ್ಟತ್ತೆ ಅಂತೀಯ!

ಮಂಗ್ಳವಾರ ನಂಜನಗೂಡಿಗೆ ಮನಸಿನ ಡಾಕ್ಟ್ರು ಬರೋರು, ಸಿಸ್ಟರಮ್ಮ ನನ್ನ ಅಲ್ಲಿಗೆ ಕಳ್ಸುದ್ರು. ಉಚ್ಚು ಇಡಿದವ್ರ್ನ ನೋಡೋ ಡಾಕ್ಟ್ರು ಅಂದ್ಕಂಡಿದ್ದೆ, ಅಲ್ಲ. ರಕ್ತ ತೆಗುಸುದ್ರು, ಥೈರಾಯ್ಡ್ ಇದ್ರೂ ಇಂಗಾಯ್ತದಂತೆ. ಆಮೇಲೆ ತಿರುಗ್ಸಿ ಕೇಳುದ್ರು, 'ಯಾವತ್ತಾದ್ರೂ ಇದಕ್ಕೆ ಉಲ್ಟಾ ಆಗಿತ್ತಾ? ನಿದ್ದೆ ಮಾಡ್ದೇನೂ ಸುಸ್ತಿಲ್ದೆ, ವಿಪರೀತ ಹುರುಪು, ನಿಲ್ಲಿಸ್ದೆ ಮಾತು?' ನಾನಂದೆ, 'ಮಾತು ಯಾವಾಗ್ಲೂ ಜಾಸ್ತಿನೇ ಸಾ.' ನಕ್ಕುಬುಟ್ರು. ಅಂಗಿದ್ರೆ ಅದು ಬೇರೆ ಕಾಯ್ಲೆ, ಮಾತ್ರೆನೂ ಬೇರೆ, ಅದ್ಕೇ ಕೇಳಿದ್ದಂತೆ. 'ನಿಮ್ದು ಖಿನ್ನತೆ ಅಮ್ಮ. ವಾಸಿಯಾಗುತ್ತೆ. ಆದ್ರೆ ಮಾತ್ರೆ ಕೆಲ್ಸ ಮಾಡೋಕೆ ಕೆಲವು ವಾರ ಬೇಕು' ಅಂದ್ರು.

ಇನ್ನು ನಮ್ ಬೀಗಿತಿ. ಶುಕ್ರವಾರ ಬಂದ್ರು, ಕರ್ಕೊಂಡೋಗಕ್ಕೆ. ಮಂಜುಳ ಎಲ್ಲಾನೂ ಯೋಳುದ್ಲು. ಅವ್ರು ಬ್ಯಾಗ್ ಮಡಗಿ, ಸೀರೆ ಎತ್ತಿ ಸಿಗಿಸ್ಕಂಡು, 'ಈ ಮನೇಲಿ ಬಾಣಂತೀರು ಇಬ್ರು ಅಂದ್ಕಂಡ್ರಾಯ್ತು, ಸೌದೆ ಎಲ್ಲದೆ?' ಅಂದ್ರು. ಒಂದು ತಿಂಗ್ಳು ಇದ್ದು ನಿಂಗೂ ನೀರಾಕುದ್ರು, ನಂಗೂ ಮುದ್ದೆ ನುಂಗ್ಸುದ್ರು. ಅವ್ರ ಮೇಲೆ ನಂಗೆ ಎಷ್ಟು ಪ್ರೀತಿ ಅಂತ ಯಾರ್ಗೂ ಗೊತ್ತಿಲ್ಲ. ಒಂದಿನ ನಿನ್ ನೆತ್ತಿ ಎಣ್ಣೆ ವಾಸ್ನೆ ಬಂತು ನಂಗೆ. ಬಂತು ಕಣ್ ಮಗ! ಅಷ್ಟ್ ದಿನ ಬರ್ತಾನೇ ಇರ್ಲಿಲ್ಲ. 'ಕೊಡಿ ಇಲ್ಲಿ ಕೂಸ್ನ' ಅಂತ ಇಸ್ಕಂಡು ನಾನೇ ನೀರಾಕ್ದೆ. ಸರೋದೆ ಅಂತ ಮಾತ್ರೆ ಬುಟ್ಟು ಇನ್ನೊಂದ್ಸಲ ಬಿದ್ದೆ ಅನ್ನು, ಡಾಕ್ಟ್ರ ತಾವ ಉಗುಸ್ಕಂಡೆ, ಅವ್ರು ಸಾಕು ಅನ್ನೋಗಂಟ ನುಂಗ್ದೆ.

ಈಗ ನಿನ್ನ ಕೇಳ್ತೀನಿ. ನಿದ್ದೆ? ...ಊಟ ನಾನೇ ನೋಡ್ತಾ ಇವ್ನಿ. ಎಷ್ಟ್ ದಿನದಿಂದ? ಬದುಕೋದೇ ಬೇಡ ಅನ್ನಿಸ್ತದಾ? ನಾಚ್ಕೋಬ್ಯಾಡ, ನಂಗೂ ಅನ್ಸಿತ್ತು. ...ಮ್. ಊ ಅಂತ ತಲೆ ಆಡ್ಸುದ್ಯಲ್ಲ, ಸಾಕು. ಬಯ್ಯಲ್ಲ ಕಣ್ ಮಗ, ಅಳು. ಇವತ್ತು ನನ್ ಪಕ್ಕದಲ್ಲೇ ಮಲಿಕೋ, ಬೆಳಿಗ್ಗೆ ಮೊದ್ಲ್ನೇ ಬಸ್ಸಿಗೆ ನಾನೂ ನೀನೂ ಡಾಕ್ಟ್ರ ತಾವ ಓಗಾನ, ನಿಮ್ಮವ್ವಂಗೆ ನಾನ್ ಯೋಳ್ತೀನಿ. ನೀರು ಆರೋಯ್ತು ಅಂತ ಯಾರೂ ಅಂಡೆ ಬೋರಲಾಕಲ್ಲ, ಇನ್ನೊಂದ್ ಸೌದೆ ಆಕ್ತರೆ. ಎದ್ದೇಳು, ಜಡೆ ಆಯ್ತು.